ಮೈಸೂರು ಅರಮನೆಗೆ ಗುಮ್ಮಟ ಬಂದದ್ದು ಹೇಗೆ?

ಪ್ರಶ್ನೆ: ಮೈಸೂರು ಅರಮನೆಯನ್ನು ಕಟ್ಟಿಸಿದವರು ಒಡೆಯರು, ಆದರೆ ಅದರ ಗುಮ್ಮಟಗಳನ್ನು ಕಂಡರೆ ಮಸೀದಿಯ ನೆನಪಾಗುತ್ತದೆ, ಒಳಗಿನ ಬಣ್ಣದ ಗಾಜು ಚರ್ಚನ್ನು ಹೋಲುತ್ತದೆ. ಇದು ಯಾವ ಶೈಲಿ? ಈ ಬೆರಕೆ ಬ್ರಿಟಿಷರು ಹುಟ್ಟುಹಾಕಿದ್ದೇ?

ಉತ್ತರ: ಹಿಂದೂ, ಇಸ್ಲಾಮಿ, ಯುರೋಪಿನ ಮಾದರಿಗಳು ಬೆರೆತ ಈ ಶೈಲಿಗೆ ಇಂಡೋ-ಸಾರಾಸೆನಿಕ್ ಎಂದು ಹೆಸರು. 1857ರ ದಂಗೆಯ ನಂತರ ಆಡಳಿತವು ಕಂಪನಿಯಿಂದ ರಾಣಿಯ ಕೈಗೆ ಹೋದಾಗ, ಮೊಘಲರ ನಂತರದ ದೊರೆಗಳು ತಾವೇ ಎಂಬುದನ್ನು ಕಟ್ಟಡಗಳಲ್ಲೂ ತೋರಿಸಿಕೊಳ್ಳುವ ಹವಣಿಕೆ ಬ್ರಿಟಿಷರಲ್ಲಿ ಬೆಳೆಯಿತು. ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸ್, ಅಜ್ಮೀರದ ಮೇಯೊ ಕಾಲೇಜು ಆ ಕಾಲದವು.

ಹಾಗೆಂದು ಬೆರಕೆಯೇ ಅವರ ಸೃಷ್ಟಿಯೆನ್ನಲಾಗದು. ಹಂಪಿಯ ಆನೆಲಾಯದ ಮೇಲೆ ಸಾಲುಗುಮ್ಮಟಗಳಿವೆ. ಅಲ್ಲಿನ ಕಮಲ ಮಹಲಿನಲ್ಲಿ ಸುಲ್ತಾನರ ನಾಡಿನ ಕಮಾನೂ ದೇವಾಲಯದ ಶಿಖರವನ್ನು ಹೋಲುವ ಮೇಲ್ಭಾಗವೂ ಒಂದೇ ಕಟ್ಟಡದಲ್ಲಿ ಕೂಡಿವೆ. ಗುಮ್ಮಟ ಒಂದು ಧರ್ಮದ ಸ್ವತ್ತಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬದಲಾದದ್ದು ಕೆಲಸದ ರೀತಿ: ವಾಸ್ತುಶಿಲ್ಪಿ ಕಚೇರಿಯಲ್ಲಿ ಕುಳಿತು, ಹಳೆಯ ಕಟ್ಟಡಗಳಿಂದ ಅಳೆದು ತೆಗೆದ ನಕ್ಷೆಗಳಿಂದ ಬೇಕಾದ ಅಲಂಕಾರವನ್ನು ಆರಿಸಿಕೊಳ್ಳುತ್ತಿದ್ದ. ಮೈಸೂರು ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್, ಅದಕ್ಕೂ ಮೊದಲು ಶಿಮ್ಲಾದಲ್ಲಿ ವೈಸರಾಯರಿಗೆ ಅಪ್ಪಟ ಇಂಗ್ಲಿಷ್ ಮಾದರಿಯ ಭವನವನ್ನು ಕಟ್ಟಿದ್ದರು. ಶೈಲಿಯನ್ನು ನಿರ್ಧರಿಸುತ್ತಿದ್ದುದು ಕಟ್ಟುವವನ ನಂಬಿಕೆಗಿಂತ ಕಟ್ಟಿಸುವವರ ಅಪೇಕ್ಷೆ ಎಂದು ನನಗನ್ನಿಸುವುದು ಇದರಿಂದಲೇ.

1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದದ್ದರಿಂದ, 1912ರಲ್ಲಿ ಮುಗಿದ ಹೊಸದರಲ್ಲಿ ಬೆಂಕಿಗೆ ಸುಲಭವಾಗಿ ತುತ್ತಾಗದ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಆದ್ಯತೆ ಸಿಕ್ಕಿತು. ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ನಿಂತು ಇದನ್ನು ಗಮನಿಸಬಹುದು. ನವಿಲುಗಳಿರುವ ಬಣ್ಣದ ಗಾಜಿನ ಚಾವಣಿಯ ಭಾರವನ್ನು ಹೊತ್ತಿರುವುದು ಕಲ್ಲುಕಂಬಗಳಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳು. ಹೊರಗೆ ಮುಖ್ಯ ಕಮಾನಿನ ಮೇಲೆ ಗಜಲಕ್ಷ್ಮಿ ಕುಳಿತಿದ್ದಾಳೆ, ಆಕೆಗಿಂತ ಎತ್ತರದಲ್ಲಿ ಚಿನ್ನದ ಲೇಪದ ಗುಮ್ಮಟವಿದೆ. ಈ ಅರಮನೆಯಲ್ಲಿ ಬೆರಕೆ ಸೊಗಸಾಗಿಯೇ ಕೂಡಿಬಂದಿದೆ. ಇದೇ ಶೈಲಿಯ ಅನೇಕ ಸರ್ಕಾರಿ ಕಟ್ಟಡಗಳಲ್ಲಿ ಗುಮ್ಮಟ ಮೇಲಿಂದ ಅಂಟಿಸಿದಂತೆ ಕಾಣುತ್ತದೆ.

ಕನ್ನಡ ನಾಡಿನ ಗುಮ್ಮಟ ಹೊರಗೂ ಹೋಗಿದೆ. 1913ರಲ್ಲಿ ಪೂರ್ಣಗೊಂಡ ಮುಂಬಯಿಯ ಪ್ರಧಾನ ಅಂಚೆ ಕಚೇರಿಗೆ ವಾಸ್ತುಶಿಲ್ಪಿ ಜಾನ್ ಬೆಗ್ ಆರಿಸಿಕೊಂಡ ಮಾದರಿ ವಿಜಯಪುರದ ಗೋಲಗುಮ್ಮಟ.