ನೀವು ಕೇಳಿದ್ರಿ: ಚಿಕ್ಕ ಕಾಲೇಜಿನ ಬಿಬಿಎಗೆ ಬೆಲೆ ಇದ್ಯಾ?

ಪ್ರಶ್ನೆ: ಸೆಕೆಂಡ್ ಪಿಯು ಕಾಮರ್ಸ್ ಮುಗೀತು. ನಮ್ದು ಬ್ಯಾಡಗಿ ಹತ್ರ ಹಳ್ಳಿ. ಇಲ್ಲೇ ಒಂದು ಚಿಕ್ಕ ಕಾಲೇಜಲ್ಲಿ ಬಿಬಿಎ ಇದೆ, ಕ್ಲಾಸಲ್ಲಿ ಮೂವತ್ತು ಜನಾನೂ ಇಲ್ಲ. ಮಾವ ಬೆಂಗಳೂರಿಗೆ ಕಳ್ಸಿ ಅಂತ ಹಠ ಹಿಡಿದಿದಾರೆ. ಏನ್ ಮಾಡ್ಲಿ?
— ಓದುಗಿ, ಹಾವೇರಿ ಜಿಲ್ಲೆ

ಉತ್ತರ: ಮಾವನ ಮಾತಲ್ಲಿ ಅರ್ಧ ಸತ್ಯ ಇದೆ. ಚಿಕ್ಕ ಊರಿನ ಕಾಲೇಜಿಗೆ ದೊಡ್ಡ ಕಂಪನಿಗಳು ಕ್ಯಾಂಪಸ್ ಸೆಲೆಕ್ಷನ್‌ಗೆ ಬರಲ್ಲ, ಬರ್ತಾವೆ ಅಂತ ಯಾರಾದ್ರೂ ಹೇಳಿದ್ರೆ ಹೋದ ವರ್ಷ ಯಾರ್ಯಾರು ಎಲ್ಲಿ ಸೇರಿದ್ರು ಅಂತ ಕೇಳಿ. ಆದ್ರೆ ಬೆಂಗಳೂರಲ್ಲೂ ಬರೀ ಪಿಜಿ ಬಾಡಿಗೆ ಕಟ್ಕೊಂಡು, ಹೆಸರಿಲ್ಲದ ಕಾಲೇಜಲ್ಲಿ ನೋಟ್ಸ್ ಬಾಯಿಪಾಠ ಮಾಡೋರು ಬೇಕಾದಷ್ಟು ಜನ ಇದಾರೆ. ನೀವು ನೋಡ್ಬೇಕಾದ್ದು ಪಾಠ ಮಾಡೋರು ಯಾರು ಅಂತ. ಒಬ್ರೇ ಅತಿಥಿ ಉಪನ್ಯಾಸಕರು ಅಕೌಂಟ್ಸು, ಲಾ, ಮಾರ್ಕೆಟಿಂಗು ಮೂರೂ ತಗೋತಿದ್ರೆ ಸ್ವಲ್ಪ ಯೋಚನೆ ಮಾಡಿ.

ಇನ್ನೊಂದ್ ವಿಷ್ಯ, ನೀವಿರೋ ಜಾಗಾನೇ ಒಂದು ಮಾರ್ಕೆಟಿಂಗ್ ಲ್ಯಾಬ್ ಇದ್ದಂಗಿದೆ ಕಣಮ್ಮ. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರೊಮೋಷನ್ ಅಂತ ನಾಲ್ಕು ಪಿ ಓದ್ತೀರಲ್ಲ, ಅದನ್ನ ಹಿಡ್ಕೊಂಡು ಎಪಿಎಂಸಿ ಯಾರ್ಡಿಗೆ ಹೋಗಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ ಬಣ್ಣ ಜಾಸ್ತಿ, ಅದಕ್ಕೇ ಕಾಯಿಂದ ಬಣ್ಣದ ಸಾರ, ಅಂದ್ರೆ ಓಲಿಯೋರೆಸಿನ್ ತೆಗೆಯೋ ಕಂಪನಿಗಳಿಗೂ ಬೇಕು, 2011ರಲ್ಲಿ ಇದು ಈ ಸೀಮೆದೇ ಬೆಳೆ ಅನ್ನೋ ಜಿಐ ಟ್ಯಾಗೂ ಸಿಕ್ತು. ಆದ್ರೆ ಬೆಳೆದೋನು ರೇಟ್ ಹಾಕಲ್ಲ, ಟೆಂಡರಲ್ಲಿ ಖರೀದಿದಾರ ಹಾಕ್ತಾನೆ. 2024ರ ಮಾರ್ಚಲ್ಲಿ ರೇಟ್ ಬಿತ್ತು ಅಂತ ರೈತರು ಸಿಟ್ಟಿಗೆದ್ದು, ಯಾರ್ಡಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದಿದ್ದು ನಿಮ್ಗೆ ನೆನಪಿರುತ್ತೆ. ಟ್ಯಾಗ್ ಇದ್ರೂ ಬೆಲೆ ಯಾಕೆ ಬೆಳೆದೋನ ಕೈಲಿಲ್ಲ, ಕೋಲ್ಡ್ ಸ್ಟೋರೇಜಲ್ಲಿ ಇಟ್ಟೋರಿಗೆ ಏನು ಲಾಭ, ಇದನ್ನೇ ಪ್ರಾಜೆಕ್ಟ್ ಮಾಡಿ ನೋಡಿ. ಮೂವತ್ತು ಜನರ ಕ್ಲಾಸಾದ್ರೆ ಮೇಷ್ಟ್ರು ಕೂತು ತಿದ್ದೋಕೆ ಟೈಮೂ ಇರುತ್ತೆ. ನನ್ನ ಕೇಳಿದ್ರೆ ಇಲ್ಲೇ ಬಿಬಿಎ ಮಾಡಿ, ಆಮೇಲೆ ಪಿಜಿಸಿಇಟಿ ಅನ್ನೋ ರಾಜ್ಯದ ಪ್ರವೇಶ ಪರೀಕ್ಷೆ ಬರೆದು ಎಂಬಿಎಗೆ ದೊಡ್ಡ ಊರಿಗೆ ಹೋಗಿ. ದುಡ್ಡು ಆಗ ಖರ್ಚು ಮಾಡಿದ್ರೆ ಸಾರ್ಥಕ.

ಪ್ರಶ್ನೆ: ಒಂದು ಇನ್‌ಸ್ಟಿಟ್ಯೂಟ್‌ನವ್ರು 'ಬಿಬಿಎ ಪ್ಲಸ್ ಡಿಜಿಟಲ್ ಮಾರ್ಕೆಟಿಂಗ್, ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತಿದಾರೆ. ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟಂತೆ. ಸೇರ್ಲಾ?
— ಓದುಗ, ದಾವಣಗೆರೆ

ಉತ್ತರ: ಇವತ್ತೇ ಅಂದ್ರೆ ಇವತ್ತು ಬೇಡ. ಡಿಗ್ರಿ ಕೊಡೋ ಅಧಿಕಾರ 1956ರ ಯುಜಿಸಿ ಕಾಯ್ದೆ ಪ್ರಕಾರ ವಿಶ್ವವಿದ್ಯಾಲಯಗಳಿಗೆ ಮತ್ತೆ ಹಾಗೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ, ಇನ್‌ಸ್ಟಿಟ್ಯೂಟ್ ಬೋರ್ಡಿಗಲ್ಲ. ಮಾರ್ಕ್ಸ್ ಕಾರ್ಡಲ್ಲಿ ಯಾವ ವಿವಿ ಹೆಸರು ಬರುತ್ತೆ ಅಂತ ಕೇಳಿ, ಆ ವಿವಿಯ ವೆಬ್‌ಸೈಟಲ್ಲಿ ಕಾಲೇಜಿನ ಹೆಸರು ಹುಡುಕಿ. 2024-25ರಿಂದ ಬಿಬಿಎನೂ ಎಐಸಿಟಿಇ, ಅಂದ್ರೆ ತಾಂತ್ರಿಕ ಶಿಕ್ಷಣ ನೋಡ್ಕೊಳೋ ಕೇಂದ್ರದ ಮಂಡಳಿ ವ್ಯಾಪ್ತಿಗೆ ಬಂದಿದೆ, ಅಪ್ರೂವಲ್ ಲೆಟರ್ ತೋರ್ಸಿ ಅನ್ನಿ. ತೋರ್ಸೋಕೆ ಹಿಂದೆ ಮುಂದೆ ನೋಡಿದ್ರೆ ಎದ್ದು ಬನ್ನಿ. ಆ ಪ್ಲೇಸ್‌ಮೆಂಟ್ ಅನ್ನೋದು ಎಷ್ಟೋ ಸಲ ಮೈಕ್ರೋಫೈನಾನ್ಸ್ ಕಲೆಕ್ಷನ್ನೋ ಟೆಲಿಕಾಲಿಂಗೋ ಆಗಿರುತ್ತೆ, ಆ ಕೆಲ್ಸ ಕೆಟ್ಟದ್ದಲ್ಲ, ಆದ್ರೆ ಅದಕ್ಕೆ ಲಕ್ಷ ಕೊಡ್ಬೇಕಾ? ಡಿಜಿಟಲ್ ಮಾರ್ಕೆಟಿಂಗ್ ಬೇಸಿಕ್ಸ್‌ನ ಕೇಂದ್ರ ಸರ್ಕಾರದ ಸ್ವಯಂ ಆನ್‌ಲೈನ್ ಪೋರ್ಟಲ್ಲಿನಂಥ ಕಡೆ ಪುಕ್ಕಟೆ ಕಲೀಬಹುದು.

ಪ್ರಶ್ನೆ: ನಂದು ಬಿಎ. ಗಾರ್ಮೆಂಟ್ ಅಂಗಡೀಲಿ ಕೆಲ್ಸ ಬಿಡೋ ಹಾಗಿಲ್ಲ. ಎಂಬಿಎ ಆಗುತ್ತಾ?
— ಓದುಗಿ, ಮಂಡ್ಯ

ಉತ್ತರ: ಆಗುತ್ತೆ. ಬಿಕಾಂ, ಬಿಬಿಎನೇ ಆಗ್ಬೇಕು ಅಂತೇನಿಲ್ಲ. ಕೆಲ್ಸ ಬಿಡದೆ ದೂರಶಿಕ್ಷಣದಲ್ಲಿ ಓದೋಕೆ ಮೈಸೂರಿನ ಮುಕ್ತ ವಿವಿ ಇದೆ, ಕೇಂದ್ರದ ಮುಕ್ತ ವಿವಿ ಇಗ್ನೋ ಇದೆ. ಅಕೌಂಟ್ಸ್ ಪೇಪರ್ ಮೊದಲು ತಲೆನೋವು ಕೊಡುತ್ತೆ, ಸೇರೋಕ್ ಮುಂಚೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕಲ್ತಿರಿ, ಅಂಗಡಿ ಬಿಲ್ಲಿಂಗಿಗೂ ಬರುತ್ತೆ.