ಒಂದೇ ಪೆನ್‌ಡ್ರೈವ್‌ಗೆ ಕಂಪ್ಯೂಟರ್ ಬೀಳುವುದು ಯಾಕೆ?

ಪ್ರಶ್ನೆ: ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬಂದ ಹುಡುಗನೊಬ್ಬನ ಪೆನ್‌ಡ್ರೈವ್ ಹಾಕಿದ ಕೂಡಲೇ ಪರದೆ ನೀಲಿಯಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಮೂರು ಸಲ ಹಾಕಿದೆ, ಮೂರು ಸಲವೂ ಹಾಗೇ. ಬೇರೆಯವರ ಪೆನ್‌ಡ್ರೈವ್ ಸರಿಯಾಗಿ ಓಡುತ್ತದೆ. ಆಂಟಿವೈರಸ್ ಕೂಡ ಇದೆ. ಇದು ವೈರಸ್ಸಾ?

ಉತ್ತರ: ನಾಲ್ಕನೇ ಸಲ ಹಾಕಬೇಡಿ ಮಾರಾಯ್ರೆ! ವೈರಸ್ ಇರಬಹುದು ಅಂತ ಅನ್ನಿಸುವುದು ಸಹಜ. ಆದರೆ ಆಂಟಿವೈರಸ್ ನೋಡುವುದು ಫೈಲುಗಳನ್ನು. ನಿಮ್ಮ ಕಂಪ್ಯೂಟರ್ ಬಹುಶಃ ಫೈಲಿನ ತನಕ ಹೋಗಿಯೇ ಇಲ್ಲ.

ಪೆನ್‌ಡ್ರೈವ್ ಹಾಕಿದೊಡನೆ ಅದು ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ತಯಾರಿಸಿದವರು ಯಾರು, ತಾನು ಯಾವ ಬಗೆಯ ಸಾಧನ, ಇನ್ನೂ ಎಷ್ಟು ಬೈಟ್ ವಿವರ ಕೊಡಲಿಕ್ಕಿದೆ, ಹೀಗೆ. ಇದಕ್ಕೆ ಡಿಸ್ಕ್ರಿಪ್ಟರ್ ಅನ್ನುತ್ತಾರೆ. ಮೊದಲ ತುಂಡು ಬರೇ 18 ಬೈಟ್. ಇದನ್ನು ಓದುವುದು ಯುಎಸ್‌ಬಿ ಡ್ರೈವರ್, ಅಂದರೆ ಯುಎಸ್‌ಬಿ ಸಾಧನಗಳ ಜೊತೆ ಮಾತಾಡಲು ವಿಂಡೋಸ್ ಬಳಸುವ ಸಾಫ್ಟ್‌ವೇರ್. ತೊಂದರೆ ಇರುವುದು ಇಲ್ಲೇ. ಸಾಧನ ಹೇಳಿದ ಅಳತೆಯನ್ನು ಡ್ರೈವರ್ ಪರೀಕ್ಷಿಸದೆ ನಂಬಿದರೆ, ಹತ್ತು ಎಲೆ ಹಾಕಿದ ಪಂಕ್ತಿಗೆ ಐವತ್ತು ಜನ ಬಂದು ಕೂತ ಹಾಗೆ. ಹೆಚ್ಚಾದವರು ಪಕ್ಕದವರ ಎಲೆ ಮೇಲೇ ಕೂರುತ್ತಾರೆ. ಅಂದರೆ ಮೆಮೊರಿಯಲ್ಲಿ ಬೇರೆಯವರ ಜಾಗ ಹಾಳು.

ವರ್ಡ್ ಹೀಗೆ ಎಡವಿದರೆ ವರ್ಡ್ ಮಾತ್ರ ಮುಚ್ಚಿಹೋಗುತ್ತದೆ. ವಿಂಡೋಸ್‌ನ ಮುಖ್ಯ ಯುಎಸ್‌ಬಿ ಡ್ರೈವರ್‌ಗಳು ಓಡುವುದು ಕರ್ನಲ್ ಒಳಗೆ, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನ ತಿರುಳಿನಲ್ಲಿ. ಅಲ್ಲಿ ಎಡವಿದರೆ ನಿಮ್ಮ ಡೇಟಾ ಇನ್ನಷ್ಟು ಕೆಡದಿರಲಿ ಅಂತ ವಿಂಡೋಸ್ ತಾನೇ ನಿಂತುಬಿಡುತ್ತದೆ. 1998ರಲ್ಲಿ ಬಿಲ್ ಗೇಟ್ಸ್ ವೇದಿಕೆಯಲ್ಲಿದ್ದಾಗಲೇ, ಸ್ಕ್ಯಾನರ್ ಜೋಡಿಸಿದ ಕೂಡಲೇ ವಿಂಡೋಸ್ 98 ನೀಲಿ ಪರದೆ ತೋರಿಸಿತ್ತು. ನಾಚಿಕೆಪಡಬೇಡಿ.

ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. 2013ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿದ ಇಂಥದ್ದೇ ದೋಷವನ್ನು, ಲಾಕ್ ಆದ ಕಂಪ್ಯೂಟರ್‌ಗೂ ಬೇಕೆಂದೇ ತಯಾರಿಸಿದ ಯುಎಸ್‌ಬಿ ಸಾಧನ ಚುಚ್ಚಿ ದುರುಪಯೋಗ ಮಾಡಬಹುದಿತ್ತು. ಆ ಹುಡುಗನ ಮೇಲೆ ಮಾತ್ರ ಅನುಮಾನ ಬೇಡ. ಒಳಗಿನ ಚಿಪ್ ಕೆಟ್ಟ ಅಗ್ಗದ ಪೆನ್‌ಡ್ರೈವ್ ಕೂಡ ತಪ್ಪು ಅಳತೆ ಹೇಳುತ್ತದೆ.

ನೀಲಿ ಪರದೆಯ ಕೆಳಗೆ ಒಮ್ಮೊಮ್ಮೆ ಎಡವಿದ ಡ್ರೈವರ್ ಫೈಲಿನ ಹೆಸರು ಇರುತ್ತದೆ. ಮುಂದೆ ಹೀಗಾದರೆ ಮೊಬೈಲಲ್ಲಿ ಫೋಟೋ ತೆಗೆದಿಡಿ. ಹೆಸರು ‘ಯುಎಸ್‌ಬಿ’ ಅಂತ ಶುರುವಾದರೆ ನಾನು ಹೇಳಿದ ಕಥೆಯೇ ಇರಬೇಕು. ‘ಎನ್‌ಟಿಎಫ್‌ಎಸ್’ ಅಂತಿದ್ದರೆ ಪೆನ್‌ಡ್ರೈವ್‌ನ ಫೈಲ್ ವ್ಯವಸ್ಥೆ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ವಿಂಡೋಸ್ ಅಪ್‌ಡೇಟ್ ಪೂರ್ತಿ ಹಾಕಿ. ಚಿಪ್‌ಸೆಟ್ ಡ್ರೈವರನ್ನು ಮದರ್‌ಬೋರ್ಡ್ ಕಂಪನಿಯ ಸೈಟಿನಿಂದಲೇ ತನ್ನಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ಗೆ’ ಅನ್ನುವ ಸಾಫ್ಟ್‌ವೇರ್ ಹತ್ತಿರವೂ ಹೋಗಬೇಡಿ. ಇನ್ನೂ ವಿಂಡೋಸ್ 10 ಇದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಾದರೆ ಗಿರಾಕಿಗಳ ಪೆನ್‌ಡ್ರೈವ್‌ಗೆ ಒಂದು ಹಳೆಯ ಕಂಪ್ಯೂಟರ್ ಬೇರೆಯೇ ಇಡಿ, ಬಿಲ್ಲಿನ ಲೆಕ್ಕ ಅದರಲ್ಲಿ ಬೇಡ.

ಆ ಹುಡುಗನ ಪ್ರಾಜೆಕ್ಟ್ ಅವನ ಲ್ಯಾಪ್‌ಟಾಪಲ್ಲಿ ಇದ್ದೇ ಇರುತ್ತದೆ. ಮೇಲ್ ಮಾಡಲು ಹೇಳಿ, ಪ್ರಿಂಟ್ ಕೊಡಿ.