ಸಂಕ ದಾಟಿದ ಮೇಲಿನ ಏಟು

ನಿಮ್ಮ ಕಥೆ ಓದಿದೆ. ಮಳೆಗಾಲದ ಕಾಪು ಊರು, ಹಂಚು ಸರಿಸಿ ಇಳಿಯುವ ಕಳ್ಳ, ಎಚ್ಚರವಿದ್ದೂ ಕಣ್ಣು ಮುಚ್ಚಿ ಮಲಗಿದ ಅಜ್ಜಿ, ಎಲ್ಲ ಚೆನ್ನಾಗಿದೆ. ಕೊನೆಯ ಒಂದೂವರೆ ಪುಟ ಓದಿ ಮಾತ್ರ ಸಿಟ್ಟು ಬಂತು ಮಾರಾಯ್ರೆ.

‘ಕಳ್ಳ ಕಪಾಟಿನ ಸರವನ್ನು ಅಂಗಳದಲ್ಲೇ ಬಿಸಾಡಿ ಓಡಿದ.’ ಬರೆದದ್ದು ನೀವೇ. ತನ್ನನ್ನೂ ಮನೆಯನ್ನೂ ಕಾಪಾಡಿಕೊಳ್ಳಲು ಹೊಡೆಯುವ ನಿಮ್ಮ ನಾಯಕನ ಹಕ್ಕು ಮುಗಿದದ್ದೂ ಅಲ್ಲೇ. ಕತ್ತಲಾದ ಮೇಲೆ ಮನೆಗೆ ಕನ್ನ ಹಾಕಿದವನನ್ನು ತಡೆಯುವಾಗ, ಬೇರೆ ದಾರಿಯಿಲ್ಲದೆ ಅವನ ಜೀವ ಹೋದರೂ ಕಾನೂನು ಮನೆಯವನ ಕಡೆಗಿದೆ. ಗಾಬರಿಯಲ್ಲಿ ಹಾಕಿದ ಏಟನ್ನು ಕೋರ್ಟು ಚಿನ್ನದ ತಕ್ಕಡಿಯಲ್ಲಿ ತೂಗುವುದೂ ಇಲ್ಲ. ಆದರೆ ಕಳ್ಳ ಹೊರಗೆ ಹೋದ, ಸರ ಸಿಕ್ಕಿತು, ಯಾರ ಜೀವಕ್ಕೂ ಭಯವಿಲ್ಲ. ಇನ್ನೇನು ಉಳಿಯಿತು?

‘ಸಂಕ ದಾಟುವವನನ್ನು ಅಟ್ಟಿಸಿಕೊಂಡು ಹೋಗಿ ಹಿಂದಿನಿಂದ ಕಡಿದ.’ ಕಾಲುಸೇತುವೆಯವರೆಗೂ ಬೆನ್ನಟ್ಟಿ ಹಾಕಿದ ಏಟು, ಇದು ಸೇಡು. ಸೇಡಿನ ಕಥೆ ಬರೆಯಿರಿ, ಬೇಡ ಅನ್ನುವುದಿಲ್ಲ.

‘ಐಪಿಸಿ 100ರ ಪ್ರಕಾರ ಇದು ಆತ್ಮರಕ್ಷಣೆ, ನೀನು ನಿರಪರಾಧಿ ಎಂದರು ಜಡ್ಜ್.’ ಕಥೆ ನಡೆಯುವುದು 2025ರಲ್ಲಿ. ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಇರುವುದು ಭಾರತೀಯ ನ್ಯಾಯ ಸಂಹಿತೆ. ಹೋಗಲಿ, ನಂಬರ್ ನಾನೇ ತಿದ್ದಿಯೇನು. ಆದರೆ ಆ 100ನೇ ಕಲಂ ಮೈಮೇಲೆ ಬಂದ ಅಪಾಯದ್ದು. ಮನೆ, ಆಸ್ತಿಯದ್ದು ಐಪಿಸಿ 103, ಈಗ ಹೊಸ ಸಂಹಿತೆಯ 41. ಎರಡಕ್ಕೂ ಬೇಲಿಯ ಹಾಗೆ ಹೊಸ ಸಂಹಿತೆಯಲ್ಲಿ 37 ಇದೆ: ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ, ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ. ನಿಮ್ಮ ಜಡ್ಜ್ ಇದನ್ನು ಓದಿಲ್ವಾ?

ಮಂಗಳೂರಿನಲ್ಲಿ ಕೋರ್ಟು ವರದಿ ಕಲಿಯುತ್ತಿದ್ದಾಗ ನಾನೂ ‘ಆತ್ಮರಕ್ಷಣೆಗಾಗಿ ಇರಿದ’ ಎಂದು ಸುಮ್ನೆ ಗೀಚಿ ಕೊಟ್ಟಿದ್ದೆ. ಡೆಸ್ಕಿನ ಹಿರಿಯರು ಕನ್ನಡಕ ಕೂಡ ಎತ್ತದೆ ಕೇಳಿದರು: ‘ಗಾಯ ಎದೆಗೋ, ಬೆನ್ನಿಗೋ?’ ಗೊತ್ತಿಲ್ಲ ಅಂದೆ. ಜಡಿಮಳೆಯಲ್ಲಿ ವಾಪಸ್ ಅಟ್ಟಿದರು. ಕೊಡೆ ಇರಲಿಲ್ಲ. ವಕೀಲರ ಗುಮಾಸ್ತರೊಬ್ಬರು ಕನಿಕರಪಟ್ಟು ಚಾ ಕುಡಿಸಿ, ಮರಣೋತ್ತರ ಪರೀಕ್ಷೆಯಲ್ಲಿ ಏನಿದೆ ಎಂದು ಹೇಳಿದರು. ಬೆನ್ನಿಗೆ, ಎರಡು. ಹಿಂದೆ ಬಂದು ಆ ಪದವನ್ನು ನಾನೇ ಹೊಡೆದು ಹಾಕಿದೆ. ಹಿರಿಯರು ಏನೂ ಹೇಳಲಿಲ್ಲ, ಒರೆಸಿಕೊಳ್ಳಲು ಒಂದು ಟವೆಲ್ ಕೊಟ್ಟರು.

ಏಟು ಮನೆಯೊಳಗೇ ಬೀಳಲಿ. ಇಲ್ಲವೇ ಸಂಕದಲ್ಲೇ ಇರಲಿ, ಆ ಬಿಡುಗಡೆ ತೆಗೆಯಿರಿ. ಅಜ್ಜಿ ಜಗಲಿಯಲ್ಲಿ ನಿಂತು ಎಲ್ಲ ನೋಡಿದ್ದಾಳೆ, ಅಲ್ವಾ? ಕಟಕಟೆಯಲ್ಲಿ ಅವಳು ಏನು ಹೇಳಿದಳು ಎಂದು ಬರೆದು ಕಳಿಸಿ.